ಐದನೆಯ ಓಟಗಾರನ ಮನಸ್ಸು

ಅಮೆರಿಕದ ಹೈಸ್ಕೂಲುಗಳಲ್ಲಿ ಕ್ರಾಸ್ ಕಂಟ್ರಿ ಓಟದ ಸೀಸನ್ ಆಗಸ್ಟ್‌ನ ಬಿಸಿಲಿಗೆ ಶುರುವಾಗಿ ನವೆಂಬರ್‌ನ ಚಳಿಗೆ ಮುಗಿಯುತ್ತದೆ. ಮುಗಿದ ಮೇಲೆ ಊರೂರಿನಲ್ಲೂ ಹೆಚ್ಚುಕಡಿಮೆ ಒಂದೇ ಕಥೆ ಕೇಳಿಬರುತ್ತದೆ. ಸೆಪ್ಟೆಂಬರ್‌ನಲ್ಲಿ ತಂಡ ಸೋತಿತು. ಮಕ್ಕಳ ಉತ್ಸಾಹ ಕುಗ್ಗಿತು. ಕೋಚ್ ಎಲ್ಲರನ್ನೂ ಕೂರಿಸಿಕೊಂಡು ಮನಸ್ಸಿನ ಶಕ್ತಿಯ ಬಗ್ಗೆ ಹೇಳಿದರು. ‘ನನ್ನಿಂದ ಆಗೋದಿಲ್ಲ’ ಎಂಬ ಮಾತನ್ನು ತಂಡ ಬಿಟ್ಟುಬಿಟ್ಟಿತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬರ ಸಮಯವೂ ಅರ್ಧ ನಿಮಿಷ, ಒಂದು ನಿಮಿಷ ಇಳಿಯಿತು. ಆದ್ದರಿಂದ ಸೀಸನ್ ಕಲಿಸಿದ್ದು ಇಷ್ಟು: ಮನೋಭಾವ ಸಕಾರಾತ್ಮಕವಾಗಿದ್ದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಕನ್ನಡಿಗರ ಮಕ್ಕಳೂ ಇಂಥ ತಂಡಗಳಲ್ಲಿ ಓಡುತ್ತಾರೆ. ಮನಸ್ಸಿದ್ದರೆ ಮಾರ್ಗ ಎಂದು ಕೇಳಿಕೊಂಡೇ ಬೆಳೆದ ಅವರ ಅಪ್ಪ ಅಮ್ಮಂದಿರಿಗೆ ಈ ಕಥೆ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಅದರಲ್ಲಿ ಒಂದು ನಿಜವಿದೆ. ಆ ನಿಜದ ಜೊತೆಗೆ ಎರಡು ಮೂರು ತಪ್ಪುಗಳು ಹೆಣೆದುಕೊಂಡಿವೆ. ಬಿಡಿಸಿ ನೋಡದೆ ಅದನ್ನು ಹಾಗೆಯೇ ಹದಿನಾಲ್ಕು ಹದಿನೈದರ ಮಕ್ಕಳ ಕೈಗೆ ಕೊಡುವುದು ಸರಿಯಲ್ಲ ಎಂಬುದು ನನ್ನ ವಾದ.

ಮೊದಲು ಆ ನಂಬಿಕೆಯನ್ನು ಅದರ ಬಲದೊಂದಿಗೇ ಮುಂದಿಡೋಣ. ಕ್ರಾಸ್ ಕಂಟ್ರಿಯಲ್ಲಿ ಚೆಂಡಿಲ್ಲ, ಬ್ಯಾಟಿಲ್ಲ, ಆಟದ ಚಾಣಾಕ್ಷತೆ ತೋರಿಸುವ ಅವಕಾಶವೂ ಕಡಿಮೆ. ಹುಲ್ಲು, ಕೆಸರು, ಏರು ಇಳಿಜಾರುಗಳ ಮೇಲೆ ಐದು ಕಿಲೋಮೀಟರ್ ಓಡಬೇಕು, ಅಷ್ಟೆ. ಕೊನೆಯ ಎರಡು ಕಿಲೋಮೀಟರಿನಲ್ಲಿ ಉಸಿರು ಕಟ್ಟುತ್ತದೆ, ತೊಡೆ ಕಲ್ಲಾಗುತ್ತದೆ. ಆಗ ವೇಗ ತಗ್ಗಿಸಬೇಕೋ ಬೇಡವೋ ಎನ್ನುವುದನ್ನು ಓಡುವವರೇ ತೀರ್ಮಾನಿಸಬೇಕು. ನಿಲ್ಲು ಎಂದು ದೇಹ ಹೇಳಿದಾಗ ಮುಂದೆ ನಡೆಸುವುದು ಮನಸ್ಸಲ್ಲದೆ ಇನ್ನೇನು? ಈ ಪ್ರಶ್ನೆ ಹಗುರವಾದದ್ದಲ್ಲ. ಇದರ ಬೆನ್ನಿಗೆ ದೊಡ್ಡ ಪರಂಪರೆಯೂ ಇದೆ. ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಸಕಾರಾತ್ಮಕ ಚಿಂತನೆಯ ಶಕ್ತಿಯ ಬಗ್ಗೆ ಬರೆದ ಪುಸ್ತಕ ಅಮೆರಿಕದ ಮನೆಮನೆಗೆ ಹೋಯಿತು. ಮನಶ್ಶಾಸ್ತ್ರಜ್ಞೆ ಕೆರಲ್ ಡ್ವೆಕ್ ಅವರ 2006ರ ‘ಮೈಂಡ್‌ಸೆಟ್’ ಪುಸ್ತಕದ ನಂತರ ಶಾಲೆಗಳಲ್ಲಿ ಆ ಪದ ಪಠ್ಯದ ಭಾಗದಂತೆಯೇ ಆಗಿಹೋಯಿತು. ಉದಾಹರಣೆಗಳಿಗೂ ಬರವಿಲ್ಲ. ಇಲಿನಾಯ್ ರಾಜ್ಯದ ಯಾರ್ಕ್ ಹೈಸ್ಕೂಲಿನ ಕೋಚ್ ಜೋ ನ್ಯೂಟನ್ ಸುಮಾರು ಅರ್ಧ ಶತಮಾನದ ಅವಧಿಯಲ್ಲಿ 28 ರಾಜ್ಯ ಪ್ರಶಸ್ತಿಗಳನ್ನು ಗೆದ್ದರು. ತಂಡದ ಅತಿ ನಿಧಾನದ ಹುಡುಗನನ್ನೂ ಹೆಸರು ಹಿಡಿದು ಕರೆದು ಕೈ ಕುಲುಕುತ್ತಿದ್ದ ಮನುಷ್ಯ ಎಂದು ಅವರನ್ನು ನೆನೆಯುತ್ತಾರೆ. ಕ್ಯಾಲಿಫೋರ್ನಿಯಾದ ಮೆಕ್‌ಫಾರ್ಲಂಡ್ ಎಂಬ ಬಡ ಊರಿನಲ್ಲಿ, ಹೊಲಗಳಲ್ಲಿ ಕೂಲಿ ಮಾಡುವ ಮೆಕ್ಸಿಕನ್ ಮೂಲದ ಕುಟುಂಬಗಳ ಹುಡುಗರನ್ನು ಕಟ್ಟಿಕೊಂಡು ಜಿಮ್ ವೈಟ್ ಒಂಬತ್ತು ರಾಜ್ಯ ಪ್ರಶಸ್ತಿ ಗೆದ್ದರು. 2015ರಲ್ಲಿ ಅದು ಸಿನಿಮಾ ಕೂಡ ಆಯಿತು. ಇಷ್ಟೆಲ್ಲ ಕಣ್ಣೆದುರಿಗಿರುವಾಗ ಮನೋಭಾವದ ಮಾತನ್ನು ಪೊಳ್ಳು ಎಂದು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ.

ಆದರೂ ಈ ಆಟದಲ್ಲಿ ಅಂಕ ಕೊಡುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮೊದಲ ತೊಡಕು ಕಾಣುತ್ತದೆ. ಒಂದು ತಂಡದಿಂದ ಏಳು ಮಂದಿ ಓಡುತ್ತಾರೆ. ಅವರಲ್ಲಿ ಮೊದಲು ಗುರಿ ಮುಟ್ಟಿದ ಐವರ ಸ್ಥಾನಗಳನ್ನು ಕೂಡಿದರೆ ತಂಡದ ಅಂಕ ಬರುತ್ತದೆ. ಯಾರ ಮೊತ್ತ ಕಡಿಮೆಯೋ ಅವರು ಗೆದ್ದಂತೆ. ಮೊದಲ ಐದು ಸ್ಥಾನವೂ ಒಂದೇ ತಂಡಕ್ಕೆ ಸಿಕ್ಕಿದರೆ ಮೊತ್ತ 15, ಅದಕ್ಕಿಂತ ಕೆಳಗೆ ಇಳಿಯಲು ಬರುವುದಿಲ್ಲ. ಆರನೆಯವರು, ಏಳನೆಯವರು ತಮ್ಮ ತಂಡಕ್ಕೆ ಅಂಕ ತರುವುದಿಲ್ಲ, ಆದರೆ ಎದುರಾಳಿಯ ಐದನೆಯವರಿಗಿಂತ ಮುಂದೆ ಬಂದರೆ ಅವರ ಮೊತ್ತವನ್ನು ಏರಿಸುತ್ತಾರೆ. ಇನ್ನೂರು ಮಂದಿ ಓಡಿದರೆ ಹಂಚಲು ಇರುವುದು ಒಂದರಿಂದ ಇನ್ನೂರರವರೆಗಿನ ಸ್ಥಾನಗಳು ಮಾತ್ರ. ಒಬ್ಬ ಹುಡುಗ ಒಂದು ಸ್ಥಾನ ಮೇಲೇರಿದರೆ ಇನ್ನೊಬ್ಬ ಒಂದು ಸ್ಥಾನ ಕೆಳಗಿಳಿಯಲೇಬೇಕು. ಆರಂಭದ ಗೆರೆಯ ಮೇಲೆ ನಿಂತ ಎಲ್ಲ ತಂಡಗಳೂ ಒಂದೇ ಪಾಠವನ್ನು ಒಂದೇ ನಿಷ್ಠೆಯಿಂದ ಕಲಿತು ಬಂದಿದ್ದರೂ ಗೆಲ್ಲುವುದು ಒಂದೇ ತಂಡ. ಹಾಗಾದರೆ ಉಳಿದವರ ಮನಸ್ಸಿನಲ್ಲಿ ನಂಬಿಕೆ ಕಡಿಮೆಯಿತ್ತು ಎನ್ನೋಣವೇ? ಅದಕ್ಕೆ ಸೋಲನ್ನು ಬಿಟ್ಟರೆ ಬೇರೆ ಪುರಾವೆ ಏನಿದೆ? ಗೆದ್ದವರ ಮನೋಭಾವವನ್ನು ಗೆಲುವಿನಿಂದ, ಸೋತವರ ಮನೋಭಾವವನ್ನು ಸೋಲಿನಿಂದ ಊಹಿಸಿಕೊಂಡು, ಆಮೇಲೆ ಮನೋಭಾವವೇ ಗೆಲುವಿಗೆ ಕಾರಣ ಎನ್ನುವುದು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುವ ತರ್ಕ. ಗೆದ್ದವರನ್ನು ಮಾತ್ರ ವೇದಿಕೆಗೆ ಕರೆದು ಕೇಳಿದಾಗ ಎಲ್ಲರೂ ‘ನಾವು ನಂಬಿದ್ದೆವು’ ಎನ್ನುತ್ತಾರೆ. ಒಂಬತ್ತನೆಯ ಸ್ಥಾನಕ್ಕೆ ಬಂದ ತಂಡವೂ ನಂಬಿತ್ತು; ಅವರನ್ನು ಯಾರೂ ಕೇಳಲಿಲ್ಲ.

ಸ್ಥಾನಗಳ ಮಾತು ಬಿಡಿ, ನಮ್ಮ ಮಕ್ಕಳ ಸಮಯವೇ ಇಳಿದಿದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಬಹುದು. ಈ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು. ಅಕ್ಟೋಬರ್ ನವೆಂಬರ್‌ನಲ್ಲಿ ಸಮಯ ಇಳಿಯುವುದಕ್ಕೆ, ಯಾರೂ ಮನಸ್ಸಿನ ಬಗ್ಗೆ ಒಂದು ಮಾತೂ ಆಡದಿದ್ದರೂ ಇರುವ ಕಾರಣಗಳು ಇವು:

1. ಹವೆ. ಬಿಸಿಲಿನಲ್ಲಿ ಓಡುವಾಗ ದೇಹ ತಣ್ಣಗಾಗಲೆಂದು ರಕ್ತದ ಒಂದು ಪಾಲನ್ನು ಚರ್ಮದ ಕಡೆಗೆ ಹರಿಸಬೇಕಾಗುತ್ತದೆ. ಸ್ನಾಯುಗಳಿಗೆ ಅಷ್ಟು ಕಡಿಮೆಯಾಗುತ್ತದೆ. ಚಳಿ ಬಂದಾಗ ಆ ಹೊರೆ ತಪ್ಪುತ್ತದೆ.

2. ತಡವಾಗಿ ಸಿಗುವ ಫಲ. ಜೂನ್ ಜುಲೈ ರಜೆಯಲ್ಲಿ ಓಡಿದ ಮೈಲಿಗಳು ದೇಹದಲ್ಲಿ ಕೆಲಸ ಮಾಡಲು ವಾರಗಳೂ ತಿಂಗಳುಗಳೂ ಬೇಕು. ಸ್ನಾಯುವಿನೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ರಕ್ತದ ಒಟ್ಟು ಪ್ರಮಾಣ ಏರುತ್ತದೆ. ಇದು ಕೋಚ್ ಮಾತಾಡಿದ ಮರುವಾರ ಆಗುವ ಕೆಲಸವಲ್ಲ.

3. ಟೇಪರ್. ಮುಖ್ಯ ಓಟಗಳು ಹತ್ತಿರ ಬಂದಂತೆ ವಾರದ ಮೈಲಿಗಳನ್ನು ಇಳಿಸುತ್ತಾರೆ. ತಿಂಗಳುಗಟ್ಟಲೆ ದಣಿದ ಕಾಲುಗಳಿಗೆ ಮೊದಲ ಸಲ ವಿಶ್ರಾಂತಿ ಸಿಗುತ್ತದೆ.

4. ನೆಲ. ಒಂದೊಂದು ಕೋರ್ಸೂ ಒಂದೊಂದು ತರಹ. ಇಲಿನಾಯ್‌ನ ರಾಜ್ಯ ಓಟ ನಡೆಯುವ ಪಿಯೋರಿಯಾದ ಡೆಟ್‌ವೈಲರ್ ಪಾರ್ಕ್ ಸಮತಟ್ಟಾಗಿದ್ದು ವೇಗಕ್ಕೆ ಹೆಸರಾದದ್ದು. ಅಲ್ಲಿ ಓಡುವುದು ಮೂರು ಮೈಲಿ, ಐದು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಸೆಪ್ಟೆಂಬರ್‌ನಲ್ಲಿ ಗುಡ್ಡ ಹತ್ತಿದ ಸಮಯವನ್ನು ಅಲ್ಲಿನ ಸಮಯದ ಪಕ್ಕದಲ್ಲಿಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಇವುಗಳ ಜೊತೆಗೆ ಇನ್ನೂ ಸೂಕ್ಷ್ಮವಾದ ಒಂದು ಕಾರಣವಿದೆ. ಮನಸ್ಸಿನ ಬಗ್ಗೆ ಕೋಚ್ ಮಾತಾಡುವುದು ಸಾಮಾನ್ಯವಾಗಿ ತಂಡ ತೀರಾ ಕೆಟ್ಟದಾಗಿ ಓಡಿದ ದಿನದ ನಂತರ. ತೀರಾ ಕೆಟ್ಟ ದಿನದಲ್ಲಿ ನಿದ್ದೆ ಸಾಲದಿರುವುದು, ಜ್ವರ, ಪರೀಕ್ಷೆ, ಆರಂಭದಲ್ಲಿ ಎಡವಿದ್ದು ಎಂದು ಹಲವು ಆಕಸ್ಮಿಕಗಳು ಸೇರಿರುತ್ತವೆ. ಅವೆಲ್ಲ ಮುಂದಿನ ಸಲವೂ ಒಟ್ಟಿಗೆ ಬರುವ ಸಂಭವ ಕಡಿಮೆ. ಆದ್ದರಿಂದ ಕೆಟ್ಟ ದಿನದ ಮುಂದಿನ ದಿನ, ಯಾರು ಏನೇ ಹೇಳಲಿ ಬಿಡಲಿ, ಸ್ವಲ್ಪ ಚೆನ್ನಾಗಿಯೇ ಇರುತ್ತದೆ. ಬೆಳೆ ಬಂದಾಗ ಮಳೆಗಾಗಿ ಮಾಡಿದ ಪೂಜೆಯನ್ನು ನೆನೆದು ಉತ್ತು ಬಿತ್ತಿದ್ದನ್ನು ಮರೆತ ಹಾಗೆ, ನಾವು ಕೊನೆಯ ಮಾತಿಗೆ ಪೂರ್ತಿ ಶ್ರೇಯ ಕೊಟ್ಟು ಜೂನ್ ತಿಂಗಳನ್ನು ಮರೆಯುತ್ತೇವೆ. ಮೆಕ್‌ಫಾರ್ಲಂಡ್ ಸಿನಿಮಾ ಮಾಡಿದ್ದೂ ಇದನ್ನೇ. ತೆರೆಯ ಮೇಲೆ ಕೋಚ್ ಊರಿಗೆ ಬರುವುದು 1987ರಲ್ಲಿ. ಅದೇ ವರ್ಷ ತಂಡ ಹುಟ್ಟಿ, ಹುಡುಗರು ತಮ್ಮ ಮೇಲೆ ನಂಬಿಕೆ ಇಡಲು ಕಲಿತು, ರಾಜ್ಯ ಪ್ರಶಸ್ತಿ ಗೆದ್ದುಬಿಡುತ್ತಾರೆ. ನಿಜದಲ್ಲಿ ಜಿಮ್ ವೈಟ್ ಆ ಊರಿಗೆ ಮೇಷ್ಟರಾಗಿ ಬಂದದ್ದು 1960ರ ದಶಕದಲ್ಲಿ, ಕ್ರಾಸ್ ಕಂಟ್ರಿ ತಂಡ ಕಟ್ಟಲು ಕೈಹಾಕಿದ್ದು 1980ರಲ್ಲಿ. ಆ ಏಳು ವರ್ಷಗಳ ದಿನದಿನದ ಓಟವನ್ನು ತೆಗೆದುಹಾಕಿದರೆ ಉಳಿಯುವುದು ಹುಡುಗರ ಮುಖದ ಮೇಲಿನ ಛಲ ಮಾತ್ರ, ಎರಡು ಗಂಟೆಯ ಸಿನಿಮಾಕ್ಕೆ ಅದು ಸಾಕು. ಸಿನಿಮಾವನ್ನು ದೂರುವುದಿಲ್ಲ. ಅದನ್ನು ನೋಡಿ ಒಂದೇ ಸೀಸನ್ನಿನಲ್ಲಿ ಅದೇ ಫಲ ಬಯಸುವ ಶಾಲೆಗಳ ಬಗ್ಗೆ ನನಗೆ ಚಿಂತೆ.

ಇನ್ನು ‘ಸಕಾರಾತ್ಮಕ ಮನೋಭಾವ’ ಎಂಬ ಒಂದೇ ಹೆಸರಿನಡಿ ಏನೇನು ತುಂಬಿಕೊಂಡಿದೆ ಎಂದು ನೋಡಬೇಕು. ನನಗೆ ಮೂರು ಬೇರೆಬೇರೆ ಸಂಗತಿಗಳು ಕಾಣುತ್ತವೆ. ಮೊದಲನೆಯದು ಫಲದ ಕನಸು: ನಾವು ಗೆಲ್ಲುತ್ತೇವೆ, ನಾನು ಹದಿನೇಳು ನಿಮಿಷದೊಳಗೆ ಬರುತ್ತೇನೆ ಎಂದು ಕಣ್ಣು ಮುಚ್ಚಿ ಚಿತ್ರ ಬಿಡಿಸಿಕೊಳ್ಳುವುದು. ಎರಡನೆಯದು ಅನುಭವದ ಮೇಲೆ ನಿಂತ ನಿರೀಕ್ಷೆ: ಮೊನ್ನೆ ಇಷ್ಟು ವೇಗದಲ್ಲಿ ಒಂದು ಕಿಲೋಮೀಟರನ್ನು ಐದು ಸಲ ಓಡಿದ್ದೇನೆ, ಆದ್ದರಿಂದ ಇವತ್ತು ಇಷ್ಟರಲ್ಲಿ ಬರಬಹುದು. ಮೂರನೆಯದು ನೋವು ಬಂದ ಗಳಿಗೆಯಲ್ಲಿ ತನಗೆ ತಾನೇ ಹೇಳಿಕೊಳ್ಳುವ ಮಾತು: ಇದು ಗೊತ್ತಿರುವ ನೋವೇ, ಮುಂದಿನ ತಿರುವಿನವರೆಗೆ ಹೀಗೇ ಹೋಗು. ಬೋಧನೆಯಲ್ಲಿ ಈ ಮೂರೂ ಕಲಸಿಹೋಗಿರುತ್ತವೆ. ಆದರೆ ಅವು ಮಾಡುವ ಕೆಲಸ ಬೇರೆ, ಕೆಲವೊಮ್ಮೆ ಒಂದಕ್ಕೊಂದು ವಿರುದ್ಧ. ಗೇಬ್ರಿಯೆಲ್ ಓಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ ಸಹಸಂಶೋಧಕರೊಬ್ಬರ ಜೊತೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯ ಮುಗಿಸಿ ಕೆಲಸ ಹುಡುಕುತ್ತಿದ್ದ ಜರ್ಮನ್ ಯುವಜನರನ್ನು ಎರಡು ವರ್ಷ ಗಮನಿಸಿದರು. ಕೆಲಸ ಸಿಕ್ಕಂತೆ ಸೊಗಸಾದ ಕನಸು ಹೆಚ್ಚು ಕಂಡವರು ಕಡಿಮೆ ಅರ್ಜಿ ಹಾಕಿದರು, ಅವರಿಗೆ ಸಿಕ್ಕ ಅವಕಾಶವೂ ಸಂಬಳವೂ ಕಡಿಮೆಯಾಗಿದ್ದವು. ಸಿಗಬಹುದು ಎಂದು ತೂಗಿ ನೋಡಿ ನಿರೀಕ್ಷಿಸಿದವರ ಪಾಡು ಇದಕ್ಕೆ ಉಲ್ಟಾ, ಅವರು ಚೆನ್ನಾಗಿಯೇ ದಡ ಸೇರಿದರು. ಕನಸು ಕಂಡಾಗ ಮನಸ್ಸು ಆ ಫಲವನ್ನು ಆಗಲೇ ಉಂಡಂತೆ ತಣಿಯುತ್ತದೆ ಎಂಬುದು ಓಟಿಂಗನ್ ಕೊಡುವ ವಿವರಣೆ. ಅದನ್ನು ಓಟದ ಅಂಗಳಕ್ಕೆ ನೇರವಾಗಿ ತಂದು ಹಾಕಲಾಗದು, ಒಪ್ಪುತ್ತೇನೆ. ಕನಸೂ ನಿರೀಕ್ಷೆಯೂ ಒಂದೇ ವಸ್ತುವಲ್ಲ ಎಂದು ತೋರಿಸಲು ಅಷ್ಟು ಸಾಕು.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ತನಗೆ ತಾನೇ ಹೇಳಿಕೊಳ್ಳುವ ಮಾತಿನಿಂದ ದೇಹದ ಸಾಮರ್ಥ್ಯ ಹೆಚ್ಚುತ್ತದೆಂದು ಪ್ರಯೋಗಗಳೇ ಹೇಳುತ್ತಿವೆಯಲ್ಲ? ಹೌದು, ಹೇಳುತ್ತಿವೆ. ಬ್ಲಾಂಚ್‌ಫೀಲ್ಡ್, ಮಾರ್ಕೋರಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಮಂದಿ, ಒಂದೇ ಹೊರೆಯಲ್ಲಿ, ಸೋತು ನಿಲ್ಲುವವರೆಗೆ ಸೈಕಲ್ ತುಳಿದರು. ಎರಡು ವಾರ ಸ್ವಗತದ ಅಭ್ಯಾಸ ಮಾಡಿದ ಗುಂಪು ಮೊದಲಿಗಿಂತ ಶೇ. 18ರಷ್ಟು ಹೆಚ್ಚು ಹೊತ್ತು ತುಳಿಯಿತು, ದಣಿವಿನ ಅನುಭವವೂ ತಗ್ಗಿತು. ಇದು ಗಟ್ಟಿಯಾದ ಪುರಾವೆ, ಅದನ್ನು ನಾನು ಬದಿಗಿಡುವುದಿಲ್ಲ. ಎರಡು ಮಾತು ಮಾತ್ರ ಸೇರಿಸುತ್ತೇನೆ. ಒಂದು, ಸೋತು ನಿಲ್ಲುವವರೆಗಿನ ಸಮಯ ಬಹಳ ಹಿಗ್ಗುವ ಅಳತೆ. ಅಲ್ಲಿ ದೊಡ್ಡದಾಗಿ ಕಾಣುವ ಶೇಕಡಾವಾರು, ನಿಗದಿತ ದೂರದ ಓಟಕ್ಕೆ ಬಂದಾಗ ಬಹಳ ಚಿಕ್ಕದಾಗುತ್ತದೆ. ಎರಡು, ಅಲ್ಲಿ ಅಭ್ಯಾಸ ಮಾಡಿಸಿದ್ದು ನೋವಿನ ಗಳಿಗೆಗೆ ಬೇಕಾದ ಚಿಕ್ಕ ಮಾತುಗಳನ್ನು. ಗೆದ್ದೇ ಗೆಲ್ಲುತ್ತೇನೆಂಬ ಘೋಷಣೆಗೂ ಅದಕ್ಕೂ ಸಂಬಂಧವಿಲ್ಲ. ಅಂದರೆ ನಾನು ಹೇಳಿದ ಮೂರರಲ್ಲಿ ಮೂರನೆಯದಕ್ಕೆ ಈ ಪ್ರಯೋಗ ಬೆಂಬಲ ಕೊಡುತ್ತದೆ, ಮೊದಲನೆಯದಕ್ಕೆ ಕೊಡುವುದಿಲ್ಲ.

ಆ ಚಿಕ್ಕ ಲಾಭ ಎಲ್ಲಿ ಬೆಲೆಬಾಳುತ್ತದೆ ಎಂಬುದನ್ನು ನೋಡಲು ತಂಡದ ಐದನೆಯ ಓಟಗಾರನ ಬಳಿ ಹೋಗಬೇಕು. ತಂಡದ ಮೊದಲ ಹುಡುಗ ಮುಂಚೂಣಿಯಲ್ಲಿರುತ್ತಾನೆ. ಅಲ್ಲಿ ಓಟಗಾರರ ನಡುವೆ ಅಂತರ ದೊಡ್ಡದು, ಹತ್ತು ಸೆಕೆಂಡು ಬೇಗ ಬಂದರೂ ಒಂದೋ ಎರಡೋ ಸ್ಥಾನ ಬದಲಾಗಬಹುದು. ಐದನೆಯವನು ಓಡುವುದು ಗುಂಪಿನ ನಡುಮಧ್ಯೆ, ಹಿಂದೆ ಮುಂದೆ ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಹತ್ತಾರು ಹುಡುಗರಿರುವಲ್ಲಿ. ಹದಿನೆಂಟು ನಿಮಿಷದ ಓಟದಲ್ಲಿ ಶೇ. 1 ಎಂದರೆ ಸುಮಾರು ಹನ್ನೊಂದು ಸೆಕೆಂಡು. ದೊಡ್ಡ ಓಟವೊಂದರ ನಡುಗುಂಪಿನಲ್ಲಿ ಅಷ್ಟರಲ್ಲಿ ಹತ್ತು ಹದಿನೈದು ಮಂದಿ ದಾಟಿಹೋಗಬಹುದು, ತಂಡದ ಗೆಲುವು ಸೋಲು ಅಲ್ಲೇ ತೀರ್ಮಾನವಾಗಬಹುದು. ಈಗ ಅವನ ಓಟವನ್ನು ಗಮನಿಸಿ. ಗುಂಡು ಹಾರುತ್ತದೆ. ಮುಂದೆ ದಾರಿ ಕಿರಿದಾಗುವುದರಿಂದ ಎಲ್ಲರೂ ಮೊದಲ ಇನ್ನೂರು ಮೀಟರ್ ನುಗ್ಗುತ್ತಾರೆ. ಉಸಿರಾಟ ಆ ವೇಗಕ್ಕೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಕಾಲು ಸಾಲ ಮಾಡಿರುತ್ತದೆ. ನನಗೆ ಎಲ್ಲವೂ ಸಾಧ್ಯ ಎಂಬ ನಂಬಿಕೆಯಲ್ಲಿ ಉಬ್ಬಿದ ಹುಡುಗ ಮೊದಲ ಮೈಲಿಯನ್ನು ತನ್ನ ಅಳತೆ ಮೀರಿ ಓಡಿ, ಎರಡನೆಯ ಮೈಲಿಯಲ್ಲಿ ಆ ಸಾಲವನ್ನು ಬಡ್ಡಿ ಸಮೇತ ತೀರಿಸುತ್ತಾನೆ. ತನ್ನ ವೇಗ ಎಷ್ಟೆಂದು ಬಲ್ಲ ಹುಡುಗ, ಅರವತ್ತನೆಯ ಸ್ಥಾನದಲ್ಲಿದ್ದರೂ ಗಾಬರಿಯಾಗದೆ, ಎರಡನೆಯ ಮೈಲಿಯಲ್ಲಿ ಒಬ್ಬೊಬ್ಬರನ್ನೇ ದಾಟುತ್ತಾನೆ. ಹೊರಗಿನಿಂದ ನೋಡಿದವರು ಎರಡನೆಯವನನ್ನು ಎಂಥ ಪಾಸಿಟಿವ್ ಹುಡುಗ ಎನ್ನುತ್ತಾರೆ. ಅವನಲ್ಲಿರುವುದು ತನ್ನ ಮಿತಿಯ ನಿಖರವಾದ ತಿಳಿವಳಿಕೆ. ಮಾರ್ಗನ್ ಮತ್ತು ಪೊಲಾಕ್ 1977ರಲ್ಲಿ ಬರೆದ ಹೆಸರಾಂತ ಅಧ್ಯಯನವೂ ಈ ದಿಕ್ಕಿನಲ್ಲೇ ಇದೆ: ಉನ್ನತ ದರ್ಜೆಯ ಮ್ಯಾರಥಾನ್ ಓಟಗಾರರು ನೋವನ್ನು ಮರೆಸುವ ಯೋಚನೆಗಳಿಗೆ ಹೋಗದೆ, ಉಸಿರು, ಸ್ನಾಯು, ವೇಗ ಇವುಗಳನ್ನೇ ಗಮನಿಸುತ್ತ ಓಡುತ್ತಾರೆ.

ಈ ತಿಳಿವಳಿಕೆಯನ್ನು ಅವನು ಎಲ್ಲಿ ಕಲಿತ? ಮಂಗಳವಾರ ಸಂಜೆಯ ಅಭ್ಯಾಸದಲ್ಲಿ, ಕಿಲೋಮೀಟರ್ ಓಟಗಳನ್ನು ಮತ್ತೆ ಮತ್ತೆ ಒಂದೇ ವೇಗದಲ್ಲಿ ಓಡಿ. ಮೂರನೆಯದನ್ನು ಬೇಗ ಓಡಿ ಐದನೆಯದರಲ್ಲಿ ಕುಸಿದಾಗ ಅವನಿಗೆ ಅರ್ಥವಾಯಿತು. ನೋವು ಬಂದಾಗ ‘ಇದು ಗೊತ್ತಿರುವ ನೋವು’ ಎಂದು ಹೇಳಿಕೊಳ್ಳಬೇಕಾದರೆ ಅದು ನಿಜವಾಗಿ ಗೊತ್ತಿರಬೇಕು. ಗೊತ್ತಿಲ್ಲದವನ ಬಾಯಲ್ಲಿ ಆ ಮಾತಿಗೆ ಬಲವಿಲ್ಲ. ಕೆನಡಾದ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದೂ ಇಂಥದ್ದೇ: ತಮ್ಮ ಬಗ್ಗೆ ಕೀಳರಿಮೆ ಇರುವವರಿಂದ ‘ನಾನು ಪ್ರೀತಿಗೆ ಅರ್ಹ’ ಎಂಬರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಸಿದರೆ ಅವರ ಮನಸ್ಥಿತಿ ಸುಧಾರಿಸುವ ಬದಲು ಇನ್ನಷ್ಟು ಕುಗ್ಗುತ್ತದೆ; ಆ ಮಾತಿನ ಅಗತ್ಯ ಹೆಚ್ಚಾಗಿ ಇರುವವರಿಗೇ ಅದು ಒಗ್ಗುವುದಿಲ್ಲ. ಆದ್ದರಿಂದ ಕಾರಣ ಮತ್ತು ಪರಿಣಾಮದ ಬಾಣವನ್ನು ಬಹಳ ಮಟ್ಟಿಗೆ ತಿರುಗಿಸಿ ಬರೆಯಬೇಕಾಗುತ್ತದೆ. ಓಡಿದ್ದರಿಂದ ಮನೋಭಾವ ಬಂತು. ಮನೋಭಾವದಿಂದ ಓಟಕ್ಕೆ ಬಂದದ್ದು ಏನಾದರೂ ಇದ್ದರೆ ಅದು ಬೇರೆ ಬಾಗಿಲಿನಿಂದ ಬಂದಿದೆ, ಆ ಬಾಗಿಲನ್ನು ಜೋ ನ್ಯೂಟನ್ ತೋರಿಸುತ್ತಾರೆ. ಅವರ ತಂಡದಲ್ಲಿ ನೂರಕ್ಕೂ ಹೆಚ್ಚು ಹುಡುಗರಿರುತ್ತಿದ್ದರು. ಹಸಿರು ಅಂಗಿ ತೊಟ್ಟ ಆ ಉದ್ದನೆಯ ಸಾಲಿನ ಮೇಲೆ ಸಾಕ್ಷ್ಯಚಿತ್ರವೂ ಬಂದಿದೆ. ಯಾರನ್ನೂ ಹೊರಗಿಡದೆ, ಪ್ರತಿಯೊಬ್ಬನನ್ನೂ ಗುರುತಿಸಿ ಮಾತಾಡಿಸಿದ್ದರಿಂದ ಹುಡುಗರು ರಜೆಯ ಬೆಳಗುಗಳಲ್ಲೂ ಎದ್ದು ಬಂದರು. ಬಂದವರ ಸಂಖ್ಯೆ ದೊಡ್ಡದಾದ್ದರಿಂದ, ಬೇರೆ ಶಾಲೆಯಲ್ಲಾದರೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ ಹುಡುಗ ಇಲ್ಲಿ ಮೂರು ವರ್ಷ ಓಡಿ ಶಾಲೆಯ ಮುಖ್ಯ ತಂಡವಾದ ವಾರ್ಸಿಟಿಯ ಐದನೆಯವನಾದ. ಮನೋಭಾವದ ನಿಜವಾದ ಕೆಲಸ ನಡೆಯುವುದು ಜೂನ್ ತಿಂಗಳ ಹಾಜರಿಯಲ್ಲಿ. ನವೆಂಬರ್‌ನ ಓಟದ ಗೆರೆಯ ಮೇಲೆ ಅದಕ್ಕೆ ಮಾಡಲು ಉಳಿದಿರುವುದು ಅಲ್ಪ.

ಡ್ವೆಕ್ ಅವರ ವಾದವನ್ನು ಇಲ್ಲಿ ಎಳೆದುತರುವವರಿಗೂ ಒಂದು ಮಾತು. ಸಾಮರ್ಥ್ಯ ಹುಟ್ಟಿನಿಂದ ಬಂದು ಹಾಗೇ ನಿಲ್ಲುವಂಥದ್ದಲ್ಲ, ದುಡಿಮೆಯಿಂದ ಬೆಳೆಯುವಂಥದ್ದು ಎಂಬ ನಂಬಿಕೆ ಅವರ ಸಿದ್ಧಾಂತದ ತಿರುಳು. ಅದು ಹಿತವಾದ ನಂಬಿಕೆ, ಬಹುಮಟ್ಟಿಗೆ ನಿಜ ಕೂಡ. ಆದರೆ ಅದನ್ನು ಬೋಧಿಸುವುದರಿಂದ ಎಷ್ಟು ಬದಲಾವಣೆ ಆಗುತ್ತದೆ ಎಂದು ಅಳೆದವರಿದ್ದಾರೆ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಮೆರಿಕದ ಸುಮಾರು 12 ಸಾವಿರ ಒಂಬತ್ತನೆಯ ತರಗತಿಯ ಮಕ್ಕಳ ಮೇಲೆ ನಡೆದದ್ದು; ಒಂದು ಗಂಟೆಗೂ ಕಡಿಮೆಯ ಪಾಠದಿಂದ, ಹಿಂದುಳಿದ ಮಕ್ಕಳ ಗ್ರೇಡ್ ಸರಾಸರಿಯಲ್ಲಿ 0.1 ಅಂಕದಷ್ಟು ಏರಿಕೆ ಕಂಡಿತು. ಅಷ್ಟು ಅಗ್ಗದ ಉಪಾಯಕ್ಕೆ ಅದು ಒಳ್ಳೆಯ ಫಲವೇ. ಒಂದು ಸೀಸನ್ನಿನ ಕಥೆಯನ್ನೆಲ್ಲ ಅದರ ಮೇಲೆ ಹೊರಿಸುವಷ್ಟು ದೊಡ್ಡದಂತೂ ಅಲ್ಲ. ಜೊತೆಗೆ ಬೆಳೆಯುವ ದಾರಿ ಯಾವುದೆಂದು ತೋರಿಸದೆ ಬೆಳೆಯಬಲ್ಲೆ ಎಂದು ಮಾತ್ರ ಹೇಳಿಕೊಟ್ಟರೆ ಸಾಲದು ಎಂದು ಸ್ವತಃ ಡ್ವೆಕ್ ಎಚ್ಚರಿಸಿದ್ದಾರೆ.

ಕೊನೆಯದಾಗಿ ಬರುವ ಆಕ್ಷೇಪ ತುಸು ಮೃದುವಾದದ್ದು, ಹಾಗಾಗಿಯೇ ಹೆಚ್ಚು ಅಪಾಯಕಾರಿ: ಪೂರ್ತಿ ನಿಜವಲ್ಲದಿದ್ದರೇನು, ಮಕ್ಕಳಿಗೆ ಹುರುಪು ಬರುತ್ತದಲ್ಲ, ಯಾರಿಗೆ ಏನು ನಷ್ಟ? ನಷ್ಟ ಯಾರಿಗೆಂದು ತಿಳಿಯಲು ಹುಡುಗಿಯರ ತಂಡವನ್ನು ನೋಡಬೇಕು. ಒಂಬತ್ತನೆಯ ತರಗತಿಯಲ್ಲಿ ಚೆನ್ನಾಗಿ ಓಡಿದ ಹುಡುಗಿಯ ಸಮಯ ಹತ್ತು, ಹನ್ನೊಂದನೆಯ ತರಗತಿಯಲ್ಲಿ ನಿಂತುಬಿಡುವುದು, ಕೆಲವೊಮ್ಮೆ ಹಿಂದೆ ಸರಿಯುವುದು ಸಾಮಾನ್ಯ. ಪ್ರೌಢಾವಸ್ಥೆಯಲ್ಲಿ ಮೈಕಟ್ಟು ಬದಲಾಗುತ್ತದೆ, ಹೊಸ ದೇಹಕ್ಕೆ ಓಟ ಒಗ್ಗಲು ಒಂದೆರಡು ವರ್ಷ ಬೇಕು. ಆಮೇಲೆ ಅನೇಕರು ಮೊದಲಿಗಿಂತ ಚೆನ್ನಾಗಿ ಓಡುತ್ತಾರೆ. ವೃತ್ತಿಪರ ಓಟಗಾರ್ತಿಯಾಗಿದ್ದ ಲಾರೆನ್ ಫ್ಲೆಶ್‌ಮನ್ ತಮ್ಮ 2023ರ ಪುಸ್ತಕದಲ್ಲಿ ಈ ವಿಷಯವನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದಾರೆ: ಕ್ರೀಡೆಯ ವ್ಯವಸ್ಥೆ ಹುಡುಗರ ಬೆಳವಣಿಗೆಯ ಲೆಕ್ಕದಲ್ಲಿ ರೂಪುಗೊಂಡಿದೆ, ಹುಡುಗಿಯ ಸಹಜ ಬೆಳವಣಿಗೆ ಅಲ್ಲಿ ವೈಫಲ್ಯದಂತೆ ಕಾಣುತ್ತದೆ ಎಂದು. ಇನ್ನು ಕಬ್ಬಿಣದ ಅಂಶ. ಮುಟ್ಟಿನ ರಕ್ತಸ್ರಾವ, ಹೆಚ್ಚಿದ ಓಟ, ಸಾಲದ ಊಟ ಮೂರೂ ಸೇರಿದ ಹುಡುಗಿಯರಲ್ಲಿ ಅದರ ಕೊರತೆ ಬೇಗ ಕಾಣಿಸುತ್ತದೆ. ರಕ್ತ ಒಯ್ಯುವ ಆಮ್ಲಜನಕವೇ ಕಡಿಮೆಯಾದಾಗ ಎರಡನೆಯ ಮೈಲಿಯಲ್ಲಿ ಕಾಲು ಸೀಸವಾಗುತ್ತದೆ. ಓಡಿದಷ್ಟು ತಿನ್ನದಿದ್ದರೆ ಮುಟ್ಟು ನಿಂತು, ಮೂಳೆ ಸವೆದು, ಸಣ್ಣ ಬಿರುಕುಗಳು ಬೀಳುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಇಡೀ ತೊಂದರೆಯನ್ನು ಒಂದು ಹೆಸರಿನಡಿ ತಂದು ಎಚ್ಚರಿಕೆ ಕೊಟ್ಟಿತು.

ಈಗ ಆ ಹುಡುಗಿಯ ಜಾಗದಲ್ಲಿ ನಿಂತು ಯೋಚಿಸಿ. ನಿಧಾನವಾಗುತ್ತಿದ್ದಾಳೆ, ಯಾಕೆಂದು ತಿಳಿಯದು. ವೇಗಕ್ಕೆ ಕಾರಣ ಮನೋಭಾವ ಎಂದು ತಂಡದಲ್ಲಿ ಹೇಳಿಕೊಟ್ಟಿದ್ದಾರೆ. ಹಾಗಿದ್ದರೆ ನಿಧಾನಕ್ಕೆ ಕಾರಣ ಏನು ಎಂಬ ಪ್ರಶ್ನೆಗೆ ಉತ್ತರ ಅವಳ ಕೈಯಲ್ಲೇ ಇದೆ: ನನ್ನ ಮನಸ್ಸೇ ಗಟ್ಟಿಯಿಲ್ಲ. ಅವಳು ದೂರು ಹೇಳುವುದಿಲ್ಲ, ಹೇಳಿದರೆ ನೆಗೆಟಿವ್ ಅನ್ನಿಸಿಕೊಳ್ಳುತ್ತಾಳೆ. ಮೊಣಕಾಲಿನ ಕೆಳಗೆ ಒಂದೇ ಜಾಗದಲ್ಲಿ ಚುಚ್ಚುವ ನೋವನ್ನು, ಎಲ್ಲರಿಗೂ ಬರುವ ದಣಿವಿನಂತೆಯೇ ನುಂಗಿ ಓಡುತ್ತಾಳೆ. ಬೇರೆಬೇರೆಯಾದ ಈ ಎರಡು ನೋವುಗಳನ್ನು ಗುರುತಿಸುವುದು ಓಟಗಾರ್ತಿ ಕಲಿಯಬೇಕಾದ ಮೊದಲ ವಿದ್ಯೆ. ನೋವನ್ನೆಲ್ಲ ಗೆಲ್ಲಬೇಕು ಎಂಬ ಬೋಧನೆ ಆ ವಿದ್ಯೆಯನ್ನೇ ಕಿತ್ತುಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ದೇಶದ ಅತಿ ವೇಗದ ಹುಡುಗಿಯರಲ್ಲಿ ಒಬ್ಬಳಾಗಿದ್ದ ಮೇರಿ ಕೇನ್, ವೃತ್ತಿಪರ ತಂಡ ಸೇರಿದ ಮೇಲೆ ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತು ಐದು ಮೂಳೆ ಮುರಿದ ಕಥೆಯನ್ನು 2019ರಲ್ಲಿ ಬಹಿರಂಗವಾಗಿ ಹೇಳಿದಾಗ ಅಮೆರಿಕ ಬೆಚ್ಚಿತು. ಅವಳದು ಶಾಲೆಯ ನಂತರದ, ಇನ್ನೂ ಕಠಿಣವಾದ ಲೋಕ. ಶಾಲಾ ತಂಡಗಳನ್ನೆಲ್ಲ ಅದರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ದೇಹ ಹೇಳುವುದನ್ನು ಮನಸ್ಸಿನ ದೌರ್ಬಲ್ಯವೆಂದು ಓದುವ ಅಭ್ಯಾಸ ಅಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಮೊದಲೇ ಎಲ್ಲೋ ಕಲಿಸಿರುತ್ತಾರೆ. ನಮ್ಮಲ್ಲೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ವ್ಯಕ್ತಿತ್ವ ವಿಕಸನದ ಭಾಷಣಕಾರರನ್ನು ಶಾಲೆಗೆ ಕರೆಸಿ, ನೀನು ಅಂದುಕೊಂಡರೆ ಆಗದ್ದು ಯಾವುದೂ ಇಲ್ಲ ಎಂದು ಹೇಳಿಸುತ್ತೇವೆ. ಗಣಿತದ ಮೇಷ್ಟರೇ ಇಲ್ಲದೆ ವರ್ಷ ಕಳೆದ ಮಗು ಫೇಲಾದಾಗ ಆ ಮಾತು ಅದರ ಮೇಲೆ ಎಂಥ ಹೊರೆಯಾಗಿ ಬೀಳುತ್ತದೆ ಎಂದು ಕೇಳುವವರಿಲ್ಲ.

ಭರವಸೆ ಬೇಡ ಎನ್ನುವುದು ನನ್ನ ಮಾತಲ್ಲ. ಭರವಸೆ ಇಲ್ಲದೆ ಯಾರೂ ಬೆಳಗಿನ ಆರು ಗಂಟೆಗೆ ಎದ್ದು ಓಡುವುದಿಲ್ಲ. ಕೇಳುವುದು ಇಷ್ಟೆ: ಆ ಭರವಸೆ ಪರೀಕ್ಷೆಗೆ ನಿಲ್ಲುವಂಥದ್ದಾಗಿರಲಿ. ಸೀಸನ್ ಮುಗಿದ ಮೇಲೆ ನವೆಂಬರ್‌ನಲ್ಲಿ ತಂಡಗಳು ತಂದೆತಾಯಂದಿರೊಂದಿಗೆ ಸೇರಿ ಊಟ ಮಾಡಿ ಬಹುಮಾನ ಹಂಚುವ ವಾಡಿಕೆ ಅಮೆರಿಕದಲ್ಲಿದೆ. ಎಲ್ಲವನ್ನೂ ಸರಿಯಾಗಿ ಮಾಡಿ, ಪೂರ್ತಿ ನಂಬಿ, ಒಂಬತ್ತನೆಯ ಸ್ಥಾನಕ್ಕೆ ಬಂದ ತಂಡದ ಕೋಚ್ ಅಲ್ಲಿ ಎದ್ದು ನಿಂತು ಏನು ಹೇಳಬೇಕು? ಮಕ್ಕಳ ಓಟದ ಡೈರಿ ತೆಗೆದು, ರಜೆಯಲ್ಲಿ ಯಾರು ಎಷ್ಟು ವಾರ ಬಂದರು ಎಂದು ಓದಿ ಹೇಳಲಿ. ರಾಜ್ಯ ಓಟದಲ್ಲಿ ಮೊದಲ ಮೈಲಿಯನ್ನು ಹದವಾಗಿ ಓಡಿ ಎರಡನೆಯದರಲ್ಲಿ ಹನ್ನೆರಡು ಮಂದಿಯನ್ನು ದಾಟಿದ ಐದನೆಯ ಓಟಗಾರನ ಹೆಸರು ಹೇಳಲಿ. ಎಂಟು ತಂಡಗಳು ನಮಗಿಂತ ವೇಗವಾಗಿದ್ದವು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಅಲ್ಲಿ ಕೂತ ಮಕ್ಕಳ ಸಾಲಿನಲ್ಲಿ ಈ ವರ್ಷ ನಿಧಾನವಾದ ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳಿದ್ದರೆ, ಅವಳ ಅಪ್ಪ ಅಮ್ಮನನ್ನು ಪಕ್ಕಕ್ಕೆ ಕರೆದು, ಮುಂದಿನ ಜೂನ್‌ಗೆ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ, ಅವಳು ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ ನೋಡಿ ಎನ್ನಲಿ.